ಬೇಸಿಗೆಯಲ್ಲಿ ಕೂಸಿನ ಜೊತೆ ಕಾರಿನಲ್ಲಿ ಸ್ನೇಹಿತರ ಮನೆಗೆ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಪುಟ್ಟ ಮಗುವನ್ನು ಕರೆದುಕೊಂಡು ಬೇಸಿಗೆಯಲ್ಲಿ ದೂರದ ಸ್ನೇಹಿತರ ಮನೆಗೆ ಹೊರಟವರ ಪಯಣ ಕೆಡುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಮೊದಲು ಫೋನ್ ಮಾಡಿ "ಮಧ್ಯಾಹ್ನ ಊಟದ ಹೊತ್ತಿಗೆ ಬಂದ್ಬಿಡ್ತೀವಿ" ಅಂತ ಮಾತು ಕೊಡುತ್ತಾರೆ. ಆಮೇಲೆ ಬ್ಯಾಗು ತುಂಬುತ್ತಾರೆ. ಬೆಳಗ್ಗೆ ಹೊರಡುವುದು ತಡವಾಗುತ್ತದೆ. ಆ ಗಡಿಬಿಡಿಯಲ್ಲೇ ಕಾರ್ ಸೀಟು, ಅಂದರೆ ಕಾರಿನ ಸೀಟಿನ ಮೇಲೆ ಕಟ್ಟುವ ಮಗುವಿನ ಪುಟ್ಟ ಸೀಟು, ಕಟ್ಟುತ್ತಾರೆ. ಕೊಟ್ಟ ಮಾತು ಉಳಿಸಿಕೊಳ್ಳಲು ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಕೊನೆಗೆ ಸುಡು ಬಿಸಿಲಿನಲ್ಲಿ, ನಡು ಹೆದ್ದಾರಿಯಲ್ಲಿ ಮಗು ರಚ್ಚೆ ಹಿಡಿಯುತ್ತದೆ.

ಇಂಥವರ ಬ್ಯಾಗಿನಲ್ಲಿ ಸಾಮಾನು ಕಮ್ಮಿ ಇರುವುದಿಲ್ಲ. ಎಡವಿರುವುದು ಕೆಲಸಗಳ ಕ್ರಮದಲ್ಲಿ. ಸೀಟು ಮೊದಲು, ಹೊತ್ತಿನ ಲೆಕ್ಕ ಆಮೇಲೆ, ಸ್ನೇಹಿತರಿಗೆ ಫೋನು ಅದರ ನಂತರ, ಬ್ಯಾಗು ಕೊನೆಗೆ. ಕೆಳಗಿನ ಹಂತಗಳು ಅದೇ ಸಾಲಿನಲ್ಲಿವೆ.

ಇದು ಒಂದು ವರ್ಷದೊಳಗಿನ ಮಗುವಿಗಾಗಿ. ಮಗು ದಿನ ತುಂಬುವ ಮುಂಚೆ ಹುಟ್ಟಿದ್ದರೆ, ಉಸಿರಾಟದ ತೊಂದರೆ ಇದ್ದರೆ, ಅಥವಾ ಹುಟ್ಟಿ ಇನ್ನೂ ಕೆಲವೇ ವಾರಗಳಾಗಿದ್ದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ. ಹಸುಗೂಸನ್ನು ಸೀಟಿನಲ್ಲಿ ಒಂದು ಸಲಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಕೂರಿಸಬಾರದು ಎಂಬ ಸಲಹೆ ಇದೆ. ಹಾಗೆ ದೂರದ ದಾರಿ ಸಾಗುವುದಿಲ್ಲ. ಅಂಥ ಸಮಯದಲ್ಲಿ ಸ್ನೇಹಿತರೇ ನಿಮ್ಮ ಮನೆಗೆ ಬರಲಿ.

ಹಂತ 1: ಕಾರ್ ಸೀಟು (ಹೊರಡುವ ಒಂದು ವಾರ ಮುಂಚೆ)

ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಹೋಗುವ ಆಲೋಚನೆ ಇದ್ದರೆ ಇಲ್ಲೇ ಬಿಡಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಕಾರು ಏನಕ್ಕಾದರೂ ಗುದ್ದಿದರೆ ಮಗುವನ್ನು ಹಿಡಿದಿಡುವ ಶಕ್ತಿ ಯಾರ ತೋಳಿಗೂ ಇಲ್ಲ. ದೊಡ್ಡವರ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿಕೊಳ್ಳುವುದು ಇನ್ನೂ ಅಪಾಯ. ಗುದ್ದಿದ ಕ್ಷಣ ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

1. ಸೀಟು ಹಿಂಬದಿಗೆ ಮುಖ ಮಾಡಿರಬೇಕು. ಅಂದರೆ ಮಗು ಕಾರಿನ ಹಿಂದಿನ ಗಾಜಿನ ಕಡೆ ನೋಡುತ್ತಿರಬೇಕು. ಮಗುವಿನ ತಲೆ ಭಾರ, ಕತ್ತು ಎಳಸು. ಮುಂದಿನಿಂದ ಪೆಟ್ಟು ಬಿದ್ದಾಗ ಸೀಟಿನ ಬೆನ್ನು ತಲೆ, ಕತ್ತು, ಬೆನ್ನು ಮೂರನ್ನೂ ಒಟ್ಟಿಗೆ ತಡೆಯುತ್ತದೆ. ವಿಶ್ವಸಂಸ್ಥೆಯ ಆರ್129 ನಿಯಮದಡಿ ತಯಾರಾದ ಸೀಟುಗಳಲ್ಲಿ 15 ತಿಂಗಳು ತುಂಬುವ ತನಕ ಹೀಗೇ ಕೂರಿಸುವುದು ಕಡ್ಡಾಯ. ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವ ತನಕ ಹಾಗೇ ಮುಂದುವರಿಸಿದರೆ ಇನ್ನೂ ಒಳ್ಳೆಯದು.

2. ಜಾಗ ಹಿಂದಿನ ಸೀಟು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಹಿಂಬದಿಗೆ ಮುಖ ಮಾಡಿದ ಸೀಟನ್ನು ಯಾವತ್ತೂ ಇಡಬಾರದು. ಏರ್‌ಬ್ಯಾಗ್ ಉಬ್ಬಿದಾಗ ನೇರವಾಗಿ ಮಗುವಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೆ ಬಡಿಯುತ್ತದೆ.

3. ಕಟ್ಟಿದ ಮೇಲೆ ಅಲುಗಾಡಿಸಿ ನೋಡಿ. ಬೆಲ್ಟ್ ಹಾದುಹೋಗುವ ಜಾಗದಲ್ಲೇ ಸೀಟನ್ನು ಹಿಡಿದು ಎಡಬಲಕ್ಕೆ, ಹಿಂದೆ ಮುಂದೆ ಎಳೆಯಿರಿ. 2.5 ಸೆಂ.ಮೀ.ಗಿಂತ ಜಾಸ್ತಿ ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ತಲೆಯ ಕಡೆ ತುದಿ ಹಿಡಿದು ಎಳೆದರೆ ಚೆನ್ನಾಗಿ ಕಟ್ಟಿದ ಸೀಟೂ ಸ್ವಲ್ಪ ಆಡುತ್ತದೆ, ಅದನ್ನು ನೋಡಿ ಗಾಬರಿ ಬೇಡ. ಐಸೋಫಿಕ್ಸ್ ಕೊಕ್ಕೆ (ಮಗುವಿನ ಸೀಟನ್ನು ಕಾರಿನಲ್ಲೇ ಇರುವ ಲೋಹದ ಬಳೆಗಳಿಗೆ ಸಿಕ್ಕಿಸುವಂಥದ್ದು) ಮತ್ತು ಬೆಲ್ಟ್ ಎರಡನ್ನೂ ಹಾಕಿದರೆ ಡಬಲ್ ಗಟ್ಟಿ ಅಂತ ಕೆಲವರು ಅಂದುಕೊಳ್ಳುತ್ತಾರೆ. ಕೈಪಿಡಿಯಲ್ಲಿ ಹಾಗೆ ಹೇಳಿದ್ದರೆ ಮಾತ್ರ ಹಾಕಿ.

4. ಸೀಟು ಹಿಂದಕ್ಕೆ ವಾಲಿರುವ ಓರೆ ಸರಿ ಇದೆಯಾ ನೋಡಿ. ಹೆಚ್ಚಿನ ಸೀಟುಗಳ ಪಕ್ಕದಲ್ಲಿ ಅದನ್ನು ತೋರಿಸುವ ಒಂದು ಗೆರೆಯೋ ಗಾಳಿಗುಳ್ಳೆಯ ಮಟ್ಟಸೂಚಿಯೋ ಇರುತ್ತದೆ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ ಪರೀಕ್ಷಿಸಿ. ಸೀಟು ತೀರಾ ನೆಟ್ಟಗಿದ್ದರೆ ನಿದ್ದೆಯಲ್ಲಿ ಮಗುವಿನ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ಒತ್ತುತ್ತದೆ. ಆಗ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಸದ್ದೇ ಆಗುವುದಿಲ್ಲ, ಅದೇ ಇದರ ಅಪಾಯ.

5. ಭುಜದ ಪಟ್ಟಿಗಳು ಮಗುವಿನ ಭುಜದ ಮಟ್ಟದಲ್ಲಿ ಅಥವಾ ಅದಕ್ಕಿಂತ ಚೂರು ಕೆಳಗಿನ ತೂತಿನಿಂದ ಬರಬೇಕು. ಎದೆ ಕ್ಲಿಪ್ ಇರುವ ಸೀಟಾದರೆ ಕ್ಲಿಪ್ಪು ಕಂಕುಳಿನ ಮಟ್ಟದಲ್ಲಿರಲಿ.

ಬಳಸಿದ ಸೀಟನ್ನು ಯಾರಾದರೂ ಪ್ರೀತಿಯಿಂದ ಕೊಟ್ಟರೆ ಎರಡು ಪ್ರಶ್ನೆ ಕೇಳಿ: ಯಾವತ್ತಾದರೂ ಅಪಘಾತ ಆಗಿತ್ತಾ, ಅವಧಿ ಮುಗಿದಿದೆಯಾ? ಉತ್ತರ ಗೊತ್ತಿಲ್ಲ ಅಂದರೆ ಬೇಡ. ಸೀಟಿನ ಜೊತೆ ಬಾರದ ತಲೆದಿಂಬು, ಪಟ್ಟಿಗೆ ಸುತ್ತುವ ಮೆತ್ತೆ, ಇವೂ ಬೇಡ. ನೋಡೋಕೆ ಮುದ್ದಾಗಿರುತ್ತವೆ, ಆದರೆ ಪಟ್ಟಿ ಸಡಿಲವಾಗುವುದು ಇವುಗಳಿಂದಲೇ.

ವಾರ ಮುಂಚೆ ಯಾಕೆ ಅಂದರೆ, ಕಟ್ಟಿದ ಮೇಲೆ ಅರ್ಧ ಗಂಟೆಯ ಒಂದು ಸುತ್ತು ಹೋಗಿಬರಬೇಕು. ಪಟ್ಟಿ ಎಲ್ಲಿ ಉಜ್ಜುತ್ತದೆ, ಬಿಸಿಲು ಯಾವ ಕಿಟಕಿಯಿಂದ ಮುಖಕ್ಕೆ ಬೀಳುತ್ತದೆ ಅನ್ನುವುದೆಲ್ಲ ಆಗಲೇ ಗೊತ್ತಾಗುವುದು.

ಹಂತ 2: ಕಾರು (ನಾಲ್ಕೈದು ದಿನ ಮುಂಚೆ)

ಎ.ಸಿ. ನಿಜವಾಗಿ ತಣ್ಣಗೆ ಮಾಡುತ್ತಿದೆಯಾ ಅಂತ ನಡು ಮಧ್ಯಾಹ್ನ ನೋಡಿ, ಬೆಳಗ್ಗೆ ಅಲ್ಲ. ಹಿಂದಿನ ಸೀಟಿನಲ್ಲಿ ಹತ್ತು ನಿಮಿಷ ನೀವೇ ಕೂತುಕೊಳ್ಳಿ. ಮುಂದೆ ಕೂತವರಿಗೆ ಚಳಿ, ಹಿಂದೆ ಸೆಖೆ ಇರುವ ಕಾರುಗಳು ಬೇಕಾದಷ್ಟಿವೆ.

ಟೈರಿನ ಗಾಳಿಯನ್ನು ಕಾರು ಓಡುವ ಮುಂಚೆ, ಟೈರು ತಣ್ಣಗಿರುವಾಗ ನೋಡಿಸಿ. ಬೇಸಿಗೆ ಅಂತ ಗಾಳಿ ಕಮ್ಮಿ ಹಾಕಿಸುವ ಅಭ್ಯಾಸ ತಪ್ಪು. ಗಾಳಿ ಕಮ್ಮಿ ಇರುವ ಟೈರೇ ಹೆಚ್ಚು ಬಿಸಿಯಾಗಿ ಸಿಡಿಯುವುದು. ಸ್ಟೆಪ್ನಿಗೂ ಗಾಳಿ ಬೇಕು. ಕೂಲೆಂಟ್ ಮಟ್ಟ ನೋಡಿ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಮಗುವಿನ ಪಕ್ಕದ ಕಿಟಕಿಗೆ ಬಿಸಿಲು ಪರದೆ ಹಾಕಿ. ಗಟ್ಟಿ ಚೌಕಟ್ಟಿನದು, ಬಿದ್ದರೆ ಏಟಾಗುವಂಥದ್ದು ಬೇಡ.

ಹಂತ 3: ಹೊತ್ತಿನ ಲೆಕ್ಕ

ಹೆಚ್ಚಿನವರು ಸೋಲುವುದು ಇಲ್ಲೇ. ಮ್ಯಾಪು ನಾಲ್ಕು ಗಂಟೆ ಅಂದರೆ ಅದು ಚಕ್ರ ಉರುಳುವ ಹೊತ್ತು ಮಾತ್ರ. ಮಗುವಿನ ಹೊತ್ತು ಅದಕ್ಕೆ ಗೊತ್ತಿಲ್ಲ.

ಮಗು ಸೀಟಿನಲ್ಲಿ ಒಂದೇ ಸಮ ಎರಡು ಗಂಟೆಗಿಂತ ಜಾಸ್ತಿ ಕೂರಬಾರದು. ಇದು ಗರಿಷ್ಠ ಮಿತಿ, ಗುರಿ ಅಲ್ಲ. ನಾಲ್ಕು ಗಂಟೆಯ ದಾರಿಯನ್ನು 80 ನಿಮಿಷದ ಮೂರು ತುಂಡು ಮಾಡಿ. ನಡುವೆ 45 ನಿಮಿಷದ ಎರಡು ನಿಲುಗಡೆ. ಅಲ್ಲಿಗೆ ಐದೂವರೆ ಗಂಟೆ ಆಯಿತು. ಇದರ ಮೇಲೆ ಯಾವುದಕ್ಕೂ ಗೊತ್ತು ಮಾಡದ ಅರ್ಧ ಗಂಟೆ ಸೇರಿಸಿ. ಡೈಪರ್ ಸೋರಿ ಬಟ್ಟೆ, ಸೀಟು ಎಲ್ಲ ಒದ್ದೆಯಾದಾಗ ಖರ್ಚಾಗುವುದು ಈ ಅರ್ಧ ಗಂಟೆಯೇ. ಒಟ್ಟು ಆರು ಗಂಟೆ. ಬೆಳಗ್ಗೆ 5ಕ್ಕೆ ಹೊರಟರೆ 11ಕ್ಕೆ ತಲುಪುತ್ತೀರಿ, ಬಿಸಿಲು ನೆತ್ತಿಗೇರುವ ಮುಂಚೆ.

ನಿಲುಗಡೆಗಳನ್ನು ಮನೆಯಲ್ಲೇ ಕೂತು ಮ್ಯಾಪಿನಲ್ಲಿ ಗುರುತು ಮಾಡಿ. ನೆರಳು, ಶೌಚಾಲಯ, ಮಗುವನ್ನು ಚಪ್ಪಟೆಯಾಗಿ ಮಲಗಿಸಲು ಜಾಗ, ಈ ಮೂರೂ ಇರುವ ಕಡೆ. ಪ್ರತಿ ನಿಲುಗಡೆಗೂ ಒಂದು ಬದಲಿ ಇರಲಿ. ದಾರಿಯಲ್ಲಿರುವ ಆಸ್ಪತ್ರೆಗಳನ್ನೂ ಅದೇ ಹೊತ್ತಿಗೆ ಗುರುತಿಸಿ, ಫೋನಿಗೆ ಸಿಗ್ನಲ್ ಸಿಗದ ಕಡೆ ಬೇಕಾದರೆ ಅಂತ ಕಾಗದದಲ್ಲೂ ಬರೆದಿಡಿ.

"ಮಗು ಮಲಗಿರುತ್ತೆ, ರಾತ್ರಿಯೇ ಹೊರಡೋಣ" ಎಂಬ ಉಪಾಯ ಕೇಳೋಕೆ ಚೆನ್ನಾಗಿದೆ. ಆದರೆ ಕಾರು ಓಡಿಸುವವರ ದೇಹ ರಾತ್ರಿ 2ರಿಂದ ಬೆಳಗ್ಗೆ 6ರ ತನಕ ನಿದ್ದೆ ಬೇಡುತ್ತದೆ. 17 ಗಂಟೆ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05% ಮದ್ಯ ಇರುವವರ ಮಟ್ಟಕ್ಕೆ ಇಳಿದಿರುತ್ತದೆ. ಕೂಸಿರುವ ಮನೆಯಲ್ಲಿ ಮೊದಲೇ ನಿದ್ದೆ ಅಷ್ಟಕ್ಕಷ್ಟೆ, ಅಲ್ವಾ? ಬೆಳಗ್ಗೆ 5ಕ್ಕೆ ಹೊರಡುವವರು ಹಿಂದಿನ ರಾತ್ರಿ 9ಕ್ಕೆ ಮಲಗಿರಬೇಕು. ಆ ರಾತ್ರಿ ಮಗು ಎದ್ದರೆ ಎತ್ತಿಕೊಳ್ಳುವುದು ಇನ್ನೊಬ್ಬರ ಪಾಲು.

ಮ್ಯಾಪಿನ ಲೆಕ್ಕವೇ ಆರು ಗಂಟೆ ದಾಟಿದರೆ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ನಡುವೆ ಎಲ್ಲಾದರೂ ಒಂದು ರಾತ್ರಿ ತಂಗಿ.

ಹಂತ 4: ಸ್ನೇಹಿತರಿಗೆ ಫೋನು

ಲೆಕ್ಕ ಆದ ಮೇಲೆ ಈಗ ಫೋನ್ ಮಾಡಿ. ಇಂಥದ್ದೇ ಹೊತ್ತಿಗೆ ಅಂತ ಮಾತು ಕೊಡಬೇಡಿ. "ಹನ್ನೊಂದರಿಂದ ಒಂದು ಗಂಟೆ ಒಳಗೆ ಬರ್ತೀವಿ, ಊಟಕ್ಕೆ ಮಾತ್ರ ಕಾಯ್ಬೇಡಿ" ಅನ್ನಿ. ಈ ಒಂದು ವಾಕ್ಯ ಇಡೀ ದಾರಿಯ ಆತುರವನ್ನು ಕಳೆಯುತ್ತದೆ.

ಅದೇ ಫೋನಿನಲ್ಲಿ ಕೇಳಬೇಕಾದ ಇನ್ನಷ್ಟು ಇದೆ. ಮನೆಯಲ್ಲಿ ಯಾರಿಗಾದರೂ ಜ್ವರ, ನೆಗಡಿ, ಕೆಮ್ಮು ಇದೆಯಾ? ಇದ್ದರೆ ಮುಂದಕ್ಕೆ ಹಾಕಿ, ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಗು ಮಲಗುವ ಕೋಣೆ ತಂಪಾಗಿರುತ್ತಾ? ನಾಯಿ, ಬೆಕ್ಕು ಇದೆಯಾ? ಮನೆಯೊಳಗೆ ಯಾರಾದರೂ ಸಿಗರೇಟು ಸೇದುತ್ತಾರಾ? ಐಸ್ ಪ್ಯಾಕ್ ಇಡಲು ಫ್ರೀಜರಿನಲ್ಲಿ ಸ್ವಲ್ಪ ಜಾಗ ಸಿಗುತ್ತಾ? ಸಂಕೋಚ ಬೇಡ. ಮಗು ಇರುವವರು ಇದನ್ನೆಲ್ಲ ಕೇಳುತ್ತಾರೆ ಅಂತ ಎಲ್ಲರಿಗೂ ಗೊತ್ತು.

ಹಂತ 5: ಬ್ಯಾಗು (ಹಿಂದಿನ ದಿನ)

ಸಾಮಾನನ್ನು ಎಷ್ಟು ಬೇಗ ಬೇಕಾಗುತ್ತದೆ ಅನ್ನುವುದರ ಮೇಲೆ ಮೂರು ಪಾಲು ಮಾಡಿ.

ಕೈಗೆಟಕುವ ಬ್ಯಾಗು ಹಿಂದೆ ಕೂತವರ ಕಾಲ ಬಳಿ ಇರಲಿ: ನಾಲ್ಕು ಡೈಪರ್, ಒದ್ದೆ ಒರೆಸುಬಟ್ಟೆ, ಹಾಸಿಕೊಳ್ಳಲು ಒಂದು ಶೀಟು, ಎರಡು ಜೊತೆ ಬಟ್ಟೆ, ಕೊಳೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಥರ್ಮಾಮೀಟರ್, ಡಾಕ್ಟರ್ ಬರೆದುಕೊಟ್ಟ ಔಷಧಿ. ನಿಮಗೂ ಒಂದು ಅಂಗಿ ಇಟ್ಟುಕೊಳ್ಳಿ. ಮಗು ವಾಂತಿ ಮಾಡುವುದು ತನ್ನ ಮೈಮೇಲೆ ಮಾತ್ರ ಅಲ್ಲ.

ಐಸ್ ಪೆಟ್ಟಿಗೆಯಲ್ಲಿ ಹಾಲು. ಹಿಂಡಿದ ಎದೆಹಾಲು 25 ಡಿಗ್ರಿ ತನಕದ ಕೋಣೆಯಲ್ಲಿ 4 ಗಂಟೆ ಇರುತ್ತದೆ. ಬೇಸಿಗೆಯ ಕಾರು ಅದಕ್ಕಿಂತ ಬಿಸಿ ಇರುವುದರಿಂದ ಆ ಲೆಕ್ಕ ನಂಬಬೇಡಿ. ಹೆಪ್ಪುಗಟ್ಟಿದ ಐಸ್ ಪ್ಯಾಕ್‌ಗಳ ನಡುವೆ ಇಟ್ಟರೆ 24 ಗಂಟೆ ಕೆಡುವುದಿಲ್ಲ. ಪುಡಿ ಹಾಲಾದರೆ ಕಲಸಿ ಒಯ್ಯಬೇಡಿ. ಒಂದೊಂದು ಸಲಕ್ಕೆ ಬೇಕಾದ ಪುಡಿಯನ್ನು ಬೇರೆ ಬೇರೆ ಡಬ್ಬಿಗೆ ಅಳೆದಿಡಿ, ಕುದಿಸಿದ ಬಿಸಿನೀರನ್ನು ಫ್ಲಾಸ್ಕಿನಲ್ಲಿ ಇಟ್ಟುಕೊಳ್ಳಿ. ಆಗಾಗಲೇ ಕಲಸಿ, ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ ಕುಡಿಸಿ. ಕಲಸಿದ್ದು 2 ಗಂಟೆ, ಮಗು ಬಾಯಿ ಹಚ್ಚಿದ್ದು 1 ಗಂಟೆ. ಆಮೇಲೆ ಚೆಲ್ಲುವುದೇ ಸರಿ.

ಉಳಿದದ್ದೆಲ್ಲ ಡಿಕ್ಕಿಗೆ. ಹಿಂದಿನ ಗಾಜಿನ ಕೆಳಗೆ, ಸೀಟಿನ ಮೇಲೆ ಬಿಡಿ ಸಾಮಾನು ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ನೀರಿನ ಬಾಟಲಿ ಕೂಡ ಕಲ್ಲಿನಂತೆ ಹಾರಿ ಬರುತ್ತದೆ.

ಹಂತ 6: ಹೊರಡುವ ಬೆಳಗ್ಗೆ

ಎದೆಹಾಲೋ ಬಾಟಲಿ ಹಾಲೋ ಕುಡಿಸಿ, ಬೆನ್ನು ತಟ್ಟಿ ತೇಗಿಸಿ. ಡೈಪರ್ ಬದಲಿಸಿ. ಒಂದೇ ಪದರದ ತೆಳು ಹತ್ತಿ ಬಟ್ಟೆ ಸಾಕು. ಕಾರಿನ ಒಳಗೆ ಟೋಪಿ ಬೇಡ, ಮಗು ಬಿಸಿಯನ್ನು ಹೊರಹಾಕುವುದು ತಲೆಯಿಂದಲೂ ಹೌದು.

ಬಿಸಿಲಲ್ಲಿ ನಿಂತ ಕಾರಾದರೆ ಎಲ್ಲ ಬಾಗಿಲು ತೆರೆದು ಬಿಸಿಗಾಳಿ ಹೊರಗೆ ಬಿಡಿ, ಎ.ಸಿ. ಹಾಕಿ, ತಂಪಾದ ಮೇಲೆ ಮಗುವನ್ನು ಕೂರಿಸಿ. ಅದಕ್ಕೂ ಮುಂಚೆ ಬಕಲಿನ ಲೋಹವನ್ನು ನಿಮ್ಮ ಅಂಗೈಯ ಹಿಂಭಾಗದಿಂದ ಮುಟ್ಟಿ ನೋಡಿ. ಕಾದ ಲೋಹ ತಗುಲಿದರೆ ಮಗುವಿನ ತೊಡೆಯಲ್ಲಿ ಬೊಬ್ಬೆ ಏಳಬಹುದು. ಕಾರು ನಿಲ್ಲಿಸುವಾಗ ಸೀಟಿನ ಮೇಲೆ ತಿಳಿಬಣ್ಣದ ಬಟ್ಟೆ ಹೊದಿಸಿಟ್ಟರೆ ಈ ತಾಪತ್ರಯ ಕಮ್ಮಿ.

ಈಗ ಪಟ್ಟಿ ಬಿಗಿಯಿರಿ. ಬಿಗಿದ ಮೇಲೆ ಮಗುವಿನ ಕೊರಳೆಲುಬಿನ ಹತ್ತಿರ ಪಟ್ಟಿಯನ್ನು ಹೆಬ್ಬೆರಳು, ತೋರುಬೆರಳಿನಿಂದ ಉದ್ದುದ್ದಕ್ಕೆ ಚಿವುಟಲು ನೋಡಿ. ಬೆರಳಿಗೆ ಮಡಿಕೆ ಸಿಕ್ಕಿತು ಅಂದರೆ ಸಡಿಲ ಇದೆ. ಬೆರಳು ಜಾರಿತು ಅಂದರೆ ಸರಿ. ಮಗು ಮುಖ ಸಿಂಡರಿಸಿತು ಅಂತ ಪಾಪ ಅನಿಸಿ ಸಡಿಲ ಮಾಡುವವರಿದ್ದಾರೆ. ಮಾಡಬೇಡಿ. ಚಳಿ ಅನಿಸಿದರೆ ಹೊದಿಕೆಯನ್ನು ಪಟ್ಟಿಯ ಮೇಲಿಂದ ಹೊದಿಸಿ, ಕೆಳಗೆ ಸೇರಿಸಬೇಡಿ.

ಹಂತ 7: ಕಾರು ಓಡುವಾಗ

ಒಬ್ಬರು ಓಡಿಸಲಿ, ಇನ್ನೊಬ್ಬರು ಮಗುವಿನ ಪಕ್ಕ ಹಿಂದೆ ಕೂರಲಿ. ಹಿಂದೆ ಕೂತವರ ಮುಖ್ಯ ಕೆಲಸ ಆಟಿಕೆ ಅಲ್ಲಾಡಿಸುವುದಲ್ಲ, ಮಗು ನಿದ್ದೆ ಹೋದಾಗ ಗಲ್ಲ ನೋಡುವುದು. ಗಲ್ಲ ಎದೆಗೆ ಅಂಟಿದ್ದರೆ ಮೆಲ್ಲಗೆ ತಲೆ ಸರಿಪಡಿಸಿ. ಮತ್ತೆ ಮತ್ತೆ ಹಾಗೇ ಆದರೆ ಕಾರು ನಿಲ್ಲಿಸಿ ಸೀಟಿನ ಓರೆ ನೋಡಿ.

ಎ.ಸಿ.ಯ ಗಾಳಿ ನೇರ ಮುಖಕ್ಕೆ ಬೀಳದಿರಲಿ. ಮಗುವಿಗೆ ಸೆಖೆಯೋ ಚಳಿಯೋ ಅಂತ ತಿಳಿಯಲು ಕೈಕಾಲು ಮುಟ್ಟಬೇಡಿ, ಅವು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಕತ್ತಿನ ಹಿಂಭಾಗ ಮುಟ್ಟಿ. ಬೆವರು, ಬಿಸಿ ಇದ್ದರೆ ಸೆಖೆ. ಬಿಸಿಲು ಬೀಳುತ್ತದೆ ಅಂತ ಸೀಟಿನ ಮೇಲೆ ಬಟ್ಟೆ ಮುಚ್ಚುವುದು ತಪ್ಪು. ಒಳಗೆ ಗಾಳಿ ಆಡುವುದಿಲ್ಲ, ಶಾಖ ಏರುತ್ತದೆ, ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ.

ಓಡುವ ಕಾರಿನಲ್ಲಿ ಬಾಟಲಿ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಂಡರೆ ತಕ್ಷಣ ಎತ್ತಿಕೊಳ್ಳಲು ಆಗುವುದಿಲ್ಲ. ಮಗು ಎಷ್ಟೇ ಅತ್ತರೂ ಪಟ್ಟಿ ಬಿಚ್ಚಿ ಎತ್ತಿಕೊಳ್ಳಬೇಡಿ. ಹಸಿವು, ಒದ್ದೆ, ಸೆಖೆ, ನಿದ್ದೆ, ಅಳುವುದು ಹೆಚ್ಚಾಗಿ ಈ ನಾಲ್ಕರಲ್ಲೊಂದಕ್ಕೆ. ಕಾರು ನಿಲ್ಲಿಸಿಯೇ ಸರಿಪಡಿಸಬೇಕು. ಹೆದ್ದಾರಿಯ ಅಂಚಿನಲ್ಲಿ ಮಾತ್ರ ನಿಲ್ಲಬೇಡಿ. ಮುಂದಿನ ಸುರಕ್ಷಿತ ಜಾಗದ ತನಕ ಅಳಲಿ. ಅಳುವ ಮಗು ಉಸಿರಾಡುತ್ತಿದೆ, ಐದು ನಿಮಿಷ ನಿಮ್ಮ ಕಿವಿ ತಡೆದುಕೊಳ್ಳಲಿ.

ಹಂತ 8: ನಿಲುಗಡೆಯಲ್ಲಿ

ಗೊತ್ತು ಮಾಡಿದ ಹೊತ್ತಿಗೆ ಮಗು ಗಾಢ ನಿದ್ದೆಯಲ್ಲಿದ್ದರೆ ಎಲ್ಲರೂ "ಮಲಗಿದೆ, ಹೋಗ್ತಾ ಇರೋಣ" ಅನ್ನುತ್ತಾರೆ. ಹತ್ತು ಹದಿನೈದು ನಿಮಿಷ ಹಿಂದೆಮುಂದೆ ಆದರೆ ತೊಂದರೆ ಇಲ್ಲ. ಎರಡು ಗಂಟೆ ಮುಟ್ಟಿತು ಅಂದರೆ ಎಬ್ಬಿಸಿಯಾದರೂ ಸೀಟಿನಿಂದ ತೆಗೆಯಿರಿ.

ಕ್ರಮ ಹೀಗಿರಲಿ: ಮೊದಲು ನೆರಳಿಗೆ ಒಯ್ದು ಚಪ್ಪಟೆ ಮಲಗಿಸಿ, ಕೈಕಾಲು ಆಡಿಸಲಿ. ಆಮೇಲೆ ಡೈಪರ್. ಆಮೇಲೆ ಹಾಲು. ಹಾಲು ಮೊದಲು ಕೊಟ್ಟು ಡೈಪರಿಗೆ ಕಾಲೆತ್ತಿಸಿದರೆ ಕುಡಿದದ್ದೆಲ್ಲ ಹೊರಗೆ ಬರುತ್ತದೆ. ಆರು ತಿಂಗಳೊಳಗಿನ ಮಗುವಿಗೆ ಎಷ್ಟೇ ಸೆಖೆ ಇದ್ದರೂ ನೀರು ಕೊಡಬೇಡಿ, ಹಾಲನ್ನೇ ಆಗಾಗ ಕೊಡಿ. ಆರು ತಿಂಗಳ ಒಳಗೆ ಸನ್‌ಸ್ಕ್ರೀನ್ ಬದಲು ನೆರಳೇ ಗತಿ. ದಾರಿಯಲ್ಲಿ ಯಾರಾದರೂ ಜೇನುತುಪ್ಪ ನೆಕ್ಕಿಸಲು ಬಂದರೆ ನಯವಾಗಿ ಬೇಡ ಅನ್ನಿ. ಒಂದು ವರ್ಷದೊಳಗೆ ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಮಗುವನ್ನು ಕಾರಿನಲ್ಲಿ ಬಿಟ್ಟು "ಎರಡೇ ನಿಮಿಷ" ಅಂತ ಇಳಿಯುವುದು ಯಾವ ಕಾರಣಕ್ಕೂ ಇಲ್ಲ. ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಬಿಸಿ 10 ನಿಮಿಷದಲ್ಲಿ ಸುಮಾರು 11 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಕಿಟಕಿ ಸ್ವಲ್ಪ ಇಳಿಸಿಟ್ಟರೆ ಹೆಚ್ಚೇನೂ ವ್ಯತ್ಯಾಸ ಆಗುವುದಿಲ್ಲ. ಮಗುವಿನ ಮೈ ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಬೇಕಂತಲೇ ಬಿಡುವವರಿಗಿಂತ ಮರೆತು ಬಿಡುವವರು ಜಾಸ್ತಿ. ಒಬ್ಬರೇ ಓಡಿಸುತ್ತಿದ್ದರೆ ಪರ್ಸನ್ನೋ ಒಂದು ಕಾಲಿನ ಚಪ್ಪಲಿಯನ್ನೋ ಹಿಂದಿನ ಸೀಟಿನ ಬಳಿ ಇಡಿ. ಹಿಂದೆ ನೋಡದೆ ಇಳಿಯಲು ಆಗಬಾರದು.

ಇವು ಕಂಡರೆ ಪಯಣ ನಿಲ್ಲಿಸಿ

ಆರು ಗಂಟೆ ಕಳೆದರೂ ಡೈಪರ್ ಒದ್ದೆಯಾಗಿಲ್ಲ. ಅಳುತ್ತದೆ, ಕಣ್ಣೀರಿಲ್ಲ. ಬಾಯಿ ಒಣಗಿದೆ. ನೆತ್ತಿಯ ಮೆತ್ತನೆ ಭಾಗ ಒಳಗೆ ಕುಸಿದಿದೆ. ಇವು ಮೈಯಲ್ಲಿ ನೀರಿನಂಶ ಇಳಿದಿರುವ ಸೂಚನೆ. ಸ್ನೇಹಿತರ ಮನೆ ಹತ್ತಿರ ಬಂತು ಅಂತ ಮುಂದುವರಿಯಬೇಡಿ, ಡಾಕ್ಟರ ಬಳಿ ಹೋಗಿ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಮುಟ್ಟಿದರೂ ಅದೇ ಮಾತು.

ಮೈ ಸುಡುತ್ತಿದೆ, ಮಗು ಜೋಲು ಬಿದ್ದಿದೆ, ಕರೆದರೆ ಸ್ಪಂದಿಸುತ್ತಿಲ್ಲ, ಉಸಿರು ತೀರಾ ವೇಗವಾಗಿದೆ ಅಂದರೆ ಅದು ಬಿಸಿಲಾಘಾತ ಇರಬಹುದು. ತುರ್ತು ನೆರವಿಗೆ ಫೋನ್ ಮಾಡಿ. ಕಾಯುವಾಗ ತಂಪಾದ ಜಾಗಕ್ಕೆ ಒಯ್ದು ಬಟ್ಟೆ ಬಿಚ್ಚಿ, ತಣ್ಣೀರಿನಿಂದ ಮೈ ಒರೆಸಿ ಗಾಳಿ ಹಾಕಿ. ಐಸ್ ನೀರು ಬೇಡ. ಜ್ವರದ ಔಷಧಿ ಇದಕ್ಕೆ ಕೆಲಸ ಮಾಡುವುದಿಲ್ಲ. ಅರೆಪ್ರಜ್ಞೆಯಲ್ಲಿರುವ ಮಗುವಿನ ಬಾಯಿಗೆ ಏನನ್ನೂ ಹಾಕಬೇಡಿ.

ಓಡಿಸುವವರ ಸೂಚನೆಗಳೂ ಇವೆ: ಪದೇ ಪದೇ ಆಕಳಿಕೆ, ಕಳೆದ ಕೆಲವು ಕಿಲೋಮೀಟರ್ ನೆನಪೇ ಇಲ್ಲದಿರುವುದು, ಗಾಡಿ ಗೆರೆ ದಾಟುವುದು. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಸುಮ್ನೆ. ನಿಲ್ಲಿಸಿ 20 ನಿಮಿಷ ಮಲಗಿ.

ಹಂತ 9: ಸ್ನೇಹಿತರ ಮನೆ ಸೇರಿದ ಮೇಲೆ

ಬಾಗಿಲಲ್ಲೇ ಮಗು ಕೈಯಿಂದ ಕೈಗೆ ಹೋಗುತ್ತದೆ. "ಮೊದಲು ಕೈ ತೊಳ್ಕೊಂಡು ಬನ್ನಿ" ಅನ್ನುವ ಮಾತನ್ನು ಅಪ್ಪನೋ ಅಮ್ಮನೋ, ಯಾರು ಸ್ನೇಹಿತರಿಗೆ ಹೆಚ್ಚು ಹತ್ತಿರವೋ ಅವರು ಹೇಳಲಿ. ಮುಖಕ್ಕೆ ಮುತ್ತು ಕೊಡುವುದು ಬೇಡ ಅನ್ನುವುದನ್ನೂ ಅವರೇ ಹೇಳಿಬಿಡಲಿ.

ಸೀಟಿನಲ್ಲೇ ನಿದ್ದೆ ಹೋದ ಮಗುವನ್ನು ಸೀಟಿನ ಸಮೇತ ಒಳಗೆ ತಂದು ಹಾಗೇ ಬಿಡಬೇಡಿ. ಗಟ್ಟಿಯಾದ, ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ದಿಂಬು, ದಪ್ಪ ಹೊದಿಕೆ, ಗೊಂಬೆ ಬೇಡ. ಸೋಫಾ ಮೇಲೆ ಯಾರದೋ ಪಕ್ಕದಲ್ಲಿ ಮಲಗಿಸುವುದು ಎಲ್ಲಕ್ಕಿಂತ ಅಪಾಯ.

ಅಂಬೆಗಾಲಿಡುವ ಮಗುವಾದರೆ, ಹರಟೆಗೆ ಕೂರುವ ಮುಂಚೆ ನೀವೇ ನೆಲದ ಮೇಲೆ ಮಂಡಿಯೂರಿ ಒಂದು ಸುತ್ತು ನೋಡಿ. ಆ ಎತ್ತರದಿಂದ ಬೇರೆಯದೇ ಮನೆ ಕಾಣುತ್ತದೆ: ಸೋಫಾ ಕೆಳಗಿನ ನಾಣ್ಯ, ನೇತಾಡುವ ಚಾರ್ಜರ್ ವೈರು, ಬಚ್ಚಲಲ್ಲಿ ನೀರು ತುಂಬಿದ ಬಕೆಟ್, ಅತಿಥಿಗಳ ಕೈಚೀಲದೊಳಗಿನ ಮಾತ್ರೆ. ಬಿಲ್ಲೆಯಂಥ ಗುಂಡು ಬ್ಯಾಟರಿ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಅನುಮಾನ ಬಂದರೂ ನೇರ ಆಸ್ಪತ್ರೆಗೆ.

ಹಂತ 10: ವಾಪಸ್

ಬರುವಾಗ ಮಾಡಿದ ಲೆಕ್ಕವನ್ನೇ ತಿರುಗಿಸಿ ಹಾಕಿ. ಐಸ್ ಪ್ಯಾಕ್‌ಗಳನ್ನು ಹಿಂದಿನ ರಾತ್ರಿಯೇ ಫ್ರೀಜರಿಗೆ ಸೇರಿಸಿ. ಉಳಿದುಕೊಂಡ ದಿನಗಳಲ್ಲಿ ಲಗೇಜಿಗೆ ಅಂತಲೋ ಇನ್ಯಾರೋ ಕೂರಲಿ ಅಂತಲೋ ಕಾರ್ ಸೀಟನ್ನು ತೆಗೆದಿದ್ದರೆ ಹಂತ 1ರ ಪರೀಕ್ಷೆಯನ್ನು ಮತ್ತೆ ಮಾಡಿ. ತೆಗೆದದ್ದು ನಿಮಗೆ ಗೊತ್ತಿಲ್ಲದೆಯೂ ಇರಬಹುದು, ಕೇಳಿ ನೋಡಿ.

ರಾತ್ರಿ ಊಟ ಮುಗಿಸಿಕೊಂಡು ಹೋಗಿ ಅಂತ ಒತ್ತಾಯ ಬರುತ್ತದೆ. ಹಾಗೆ ಉಳಿದರೆ ರಾತ್ರಿಯೂ ಅಲ್ಲೇ ಉಳಿಯಿರಿ, ಬೆಳಗ್ಗೆ ಹೊರಡಿ. ಬಾಗಿಲಲ್ಲಿ ನಿಂತು ಮಾತಾಡುವುದಕ್ಕೆ ಹೇಗೂ ಅರ್ಧ ಗಂಟೆ ಹಿಡಿಯುತ್ತದೆ, ಅದನ್ನೂ ಹೊತ್ತಿನ ಲೆಕ್ಕಕ್ಕೆ ಸೇರಿಸಿ. ಆ ಮಾತೆಲ್ಲ ಮುಗಿದು, ಕಾರು ತಂಪಾದ ಮೇಲೆ ಕೊನೆಯಲ್ಲಿ ಮಗುವನ್ನು ಸೀಟಿಗೆ ಕೂರಿಸಿ. ಎರಡು ಗಂಟೆಯ ಲೆಕ್ಕ ಶುರುವಾಗುವುದು ಬಕಲ್ ಹಾಕಿದ ಹೊತ್ತಿನಿಂದ.